ಆಲೂಗಡ್ಡೆಯೋ, ಯೀಸ್ಟೋ, ಟಾರ್ಚ್ ಸೆಲ್ಲಿನ ಕರಿಪುಡಿಯೋ?

ಆಕ್ಟಿವೇಶನ್ ಎನರ್ಜಿ, ಅಂದರೆ ರಾಸಾಯನಿಕ ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿ, ಆ ಪಾಠ ಬಂದರೆ ಬೋರ್ಡ್ ಮೇಲೆ ಒಂದು ಗುಡ್ಡ ಬರೆಯುತ್ತಾರೆ, ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಹಾಕಿದರೆ ಗುಡ್ಡ ತಗ್ಗುತ್ತದೆ ಅಂತ ಹೇಳಿ ಮುಂದೆ ಹೋಗುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ತೀರ್ಥಹಳ್ಳಿಯಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಪಿಯುಸಿ ಮಕ್ಕಳಿಗೆ ಅದು ಸಾಲಲಿಲ್ಲ, ಕಣ್ಣಿಗೆ ಕಾಣಬೇಕು ಅಂದರು. ಹಾಗಾಗಿ ಯಾವ ಕ್ಯಾಟಲಿಸ್ಟ್ ಇದನ್ನು ಚೆನ್ನಾಗಿ ತೋರಿಸುತ್ತದೆ ಅಂತ ನೋಡಲು ಮೆಡಿಕಲ್ ಶಾಪಿನಿಂದ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ತಂದೆ. ಶೇಕಡಾ 6ರದ್ದು. ಅದಕ್ಕಿಂತ ಗಟ್ಟಿಯದು ಮನೆಯಲ್ಲಿ ಬೇಡವೇ ಬೇಡ, ಚರ್ಮ ಸುಡುತ್ತದೆ.

ಇದು ತನ್ನಷ್ಟಕ್ಕೇ ಒಡೆದು ನೀರು, ಆಕ್ಸಿಜನ್ ಆಗುವ ವಸ್ತು. ಒಡೆಯುವಾಗ ಶಾಖವನ್ನೂ ಬಿಡುತ್ತದೆ. ಆದರೂ ತಿಂಗಳುಗಟ್ಟಲೆ ಕಪಾಟಿನಲ್ಲಿ ಸುಮ್ನೆ ಕೂತಿರುತ್ತದೆ. ಯಾಕೆಂದರೆ ಒಡೆಯುವ ಮೊದಲು ಒಂದು ಮೋಲ್‌ಗೆ ಸುಮಾರು 75 ಕಿಲೋಜೂಲ್‌ನ ತಡೆ ದಾಟಬೇಕು. ಅಷ್ಟು ಶಕ್ತಿ ಇರುವ ಅಣುಗಳು ಕೋಣೆಯ ಶಾಖದಲ್ಲಿ ತೀರಾ ಕಡಿಮೆ.

ಮೊದಲು ಕ್ಯಾಟಲಿಸ್ಟ್ ಇಲ್ಲದೆ ಬರೀ ಬಿಸಿ ಮಾಡಿ ನೋಡಿದೆವು. ಬಿಸಿನೀರಿನ ಪಾತ್ರೆಯಲ್ಲಿ ಲೋಟ ಇಟ್ಟರೆ ಸಣ್ಣ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತವೆ, ಅಷ್ಟೇ. ಆಶ್ಚರ್ಯ ಏನಿಲ್ಲ. ತಡೆ, ಶಾಖ ಎಷ್ಟಿದ್ದರೆ ಕ್ರಿಯೆಯ ವೇಗ ಎಷ್ಟು ಅಂತ ಹೇಳುವ, 1889ರಲ್ಲಿ ವಿಜ್ಞಾನಿ ಅರೀನಿಯಸ್ ಕೊಟ್ಟ ಸಮೀಕರಣಕ್ಕೆ ಈ 75 ಹಾಕಿದರೆ, 25 ಡಿಗ್ರಿಯಿಂದ 35ಕ್ಕೆ ಹೋದಾಗ ವೇಗ ಎರಡೂವರೆ ಪಟ್ಟು ಚಿಲ್ಲರೆ ಏರುತ್ತದೆ. ಅದೇ ತಡೆ 75ರಿಂದ 58ಕ್ಕೆ ಇಳಿದರೆ? ಬೇರೆಲ್ಲ ಹಾಗೇ ಇದೆ ಅಂದುಕೊಂಡರೆ ಸುಮಾರು ಸಾವಿರ ಪಟ್ಟು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಅವರ ಮುಖ ನೋಡಬೇಕು.

ಆಮೇಲೆ ಎಲ್ಲ ಲೋಟಕ್ಕೂ ಅಷ್ಟಷ್ಟೇ ಪೆರಾಕ್ಸೈಡ್, ಒಂದೊಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಒಂದೊಂದಕ್ಕೆ ಒಂದೊಂದು ಕ್ಯಾಟಲಿಸ್ಟ್ ಸೇರಿಸಿ ನೊರೆ ಏರುವುದನ್ನು ನೋಡಿದೆವು.

ಕುಣಿಸಿದ್ದು ಯೀಸ್ಟ್. ಬೇಕರಿಯವರು ಬಳಸುವ ಒಣ ಯೀಸ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಸುರಿದರೆ ನೊರೆ ಲೋಟ ದಾಟಿ ಮೇಜಿಗೆ ಬರುತ್ತದೆ. ಚಪ್ಪಾಳೆ ಗ್ಯಾರಂಟಿ. ಆದರೆ ಎಲ್ಲ ಎಷ್ಟು ಬೇಗ ಮುಗಿದು ಹೋಗುತ್ತದೆ ಅಂದರೆ, ಏನಾಯಿತು ಅಂತ ಕೇಳುವ ಹೊತ್ತಿಗೆ ಒರೆಸುವ ಬಟ್ಟೆ ಹುಡುಕಬೇಕು.

ಆಲೂಗಡ್ಡೆ ಇದಕ್ಕಿಂತ ನಿಧಾನ, ಆದರೆ ಪಾಠಕ್ಕೆ ಇದೇ ಮೇಲು. ತುಂಡು ಹಾಕಿದರೆ ಮೇಲ್ಮೈಯಲ್ಲಿ ಮಾತ್ರ ಗುಳ್ಳೆ. ತುರಿದು ಹಾಕಿದರೆ ನೊರೆ ಉಕ್ಕುತ್ತದೆ. ಬೇಯಿಸಿ ಹಾಕಿದರೆ ಏನೂ ಇಲ್ಲ! ಯೀಸ್ಟ್, ಆಲೂಗಡ್ಡೆ ಎರಡರಲ್ಲೂ ಕೆಲಸ ಮಾಡುವುದು ಕ್ಯಾಟಲೇಸ್ ಎಂಬ ಕಿಣ್ವ, ಅದು ಪ್ರೋಟೀನು, ಬೆಂದರೆ ಅದರ ಆಕಾರವೇ ಕೆಡುತ್ತದೆ. ಗಾಯಕ್ಕೆ ಪೆರಾಕ್ಸೈಡ್ ಹಚ್ಚಿದಾಗ ನೊರೆ ಬರುವುದೂ ಇದರಿಂದಲೇ, ನಮ್ಮ ರಕ್ತದಲ್ಲೂ ಇದು ಇದೆ. ಕೋಳಿಯ ಲಿವರ್ ಇನ್ನೂ ಜೋರು ಅಂತ ಒಬ್ಬ ಹುಡುಗ ಹೇಳಿದ, ನಿಜವೇ, ಆದರೆ ನಮ್ಮನೆ ಅಡುಗೆಮನೆಯಲ್ಲಿ ಅದಕ್ಕೆ ಪರ್ಮಿಷನ್ ಸಿಗಲಿಲ್ಲ.

ನನಗೆ ತುಂಬಾ ಹಿಡಿಸಿದ್ದು ಪಕ್ಕದಲ್ಲೇ ಇಟ್ಟ ತುಕ್ಕಿನ ಲೋಟ. ಹಳೇ ಮೊಳೆಯಿಂದ ಕೆರೆದ ತುಕ್ಕು ಹಾಕಿದರೆ ಗುಳ್ಳೆ ಬಂದೂ ಬಾರದ ಹಾಗೆ. ಸೋತಿತು ಅಂತಲೇ ಹೇಳಬೇಕು. ಆದರೆ ಕ್ಯಾಟಲೇಸ್‌ನ ಒಳಗೆ ಕೂತು ಕೆಲಸ ಮಾಡುವುದೂ ಕಬ್ಬಿಣದ ಅಯಾನೇ. ಭದ್ರಾವತಿಯಲ್ಲಿ ಕರಗಿಸುತ್ತಿದ್ದರಲ್ಲ, ಅದೇ ಧಾತು. ಸುತ್ತ ಸರಿಯಾದ ಪ್ರೋಟೀನ್ ಕಟ್ಟಿಕೊಂಡರೆ ತಡೆ 25 ಕಿಲೋಜೂಲ್‌ಗೂ ಕೆಳಗೆ ಇಳಿಯುತ್ತದೆ, ಒಂದೊಂದು ಕಿಣ್ವದ ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆದು ಹಾಕುತ್ತದೆ. ತುಕ್ಕಿಗೆ ಆ ಭಾಗ್ಯ ಇಲ್ಲ.

ಪೊಟ್ಯಾಸಿಯಂ ಅಯೊಡೈಡ್ ಕಾಲೇಜು ಲ್ಯಾಬಿನಿಂದ ಸ್ವಲ್ಪ ಸಿಕ್ಕಿತು. ನೊರೆ ಹಳದಿಯಾಗುತ್ತದೆ, ಬಟ್ಟೆಗೆ ಕಲೆ. ದುಬಾರಿ ಬೇರೆ. ಆದರೆ ಕ್ಯಾಟಲಿಸ್ಟ್ ಮಾಡುವುದೇನು ಅನ್ನುವುದಕ್ಕೆ ಇದರಷ್ಟು ಸ್ಪಷ್ಟ ಉತ್ತರ ಬೇರೆ ಯಾವುದೂ ಕೊಡಲಿಲ್ಲ. ಅಯೊಡೈಡ್ ಮೊದಲು ಒಂದು ಪೆರಾಕ್ಸೈಡ್ ಅಣುವಿನಿಂದ ಆಕ್ಸಿಜನ್ ಕಿತ್ತುಕೊಂಡು ಹೈಪೊಅಯೊಡೈಟ್ ಆಗುತ್ತದೆ. ಅದು ಇನ್ನೊಂದು ಪೆರಾಕ್ಸೈಡ್ ಜೊತೆ ಸೇರಿ ಆಕ್ಸಿಜನ್ ಅನಿಲ ಬಿಟ್ಟು, ಮತ್ತೆ ಅಯೊಡೈಡ್ ಆಗಿ ಹೊರಗೆ ಬರುತ್ತದೆ. ಅಂದರೆ ಗುಡ್ಡ ತಗ್ಗಲಿಲ್ಲ ಅಲ್ವಾ? ಆಗುಂಬೆ ಘಾಟಿ ಬೇಡ ಅಂತ ಹುಲಿಕಲ್ ಕಡೆಯಿಂದ ಇಳಿದ ಹಾಗೆ, ದಾರಿ ಬೇರೆಯಾಯಿತು. ಹೊರಟ ಊರು, ಸೇರುವ ಊರು ಅವೇ. ಹಾಗಾಗಿಯೇ ಬರುವ ಒಟ್ಟು ಆಕ್ಸಿಜನ್ನೂ ಬದಲಾಗುವುದಿಲ್ಲ. ಶೇಕಡಾ 6ರ ಬಾಟಲಿ ಮೇಲೆ 20 ವಾಲ್ಯೂಮ್ ಅಂತ ಇರುತ್ತದೆ, 10 ಮಿಲಿಲೀಟರ್‌ನಿಂದ ಹೆಚ್ಚು ಕಡಿಮೆ 200 ಮಿಲಿಲೀಟರ್ ಆಕ್ಸಿಜನ್, ನೀವು ಯಾವ ಕ್ಯಾಟಲಿಸ್ಟ್ ಹಾಕಿದರೂ ಅಷ್ಟೇ.

ಕೊನೆಗೆ ನಾನು ಉಳಿಸಿಕೊಂಡಿದ್ದು ಟಾರ್ಚ್ ಸೆಲ್ಲಿನ ಕರಿಪುಡಿ, ಅಂದರೆ ಮ್ಯಾಂಗನೀಸ್ ಡೈಆಕ್ಸೈಡ್, ಜೊತೆಗೆ ಒಂದಿಷ್ಟು ಕಾರ್ಬನ್ನೂ ಇರುತ್ತದೆ. ಸಾದಾ ಜಿಂಕ್ ಸೆಲ್ಲು ಮಾತ್ರ ಬಿಚ್ಚಿ, ಅದೂ ದೊಡ್ಡವರು, ಗ್ಲೌಸ್ ಹಾಕಿಕೊಂಡು. ಆಲ್ಕಲೈನ್ ಅಂತ ಬರೆದಿದ್ದರೆ ಮುಟ್ಟಬೇಡಿ, ಒಳಗೆ ಸುಡುವ ಕ್ಷಾರ ಇರುತ್ತದೆ. ಪುಡಿಯನ್ನು ಚೆನ್ನಾಗಿ ತೊಳೆದು ಚಿಟಿಕೆ ಹಾಕಿದರೆ ಒಂದೇ ಸಮನೆ ಬುಸುಗುಟ್ಟುತ್ತದೆ. ಲಿಕ್ವಿಡ್ ಹಾಕದ ಲೋಟದ ಬಾಯಿಗೆ ಕೆಂಡವಿರುವ ಊದುಬತ್ತಿ ಹಿಡಿದರೆ ಕೆಂಡ ಫಳ್ಳನೆ ಬೆಳಗುತ್ತದೆ. ಗುಳ್ಳೆ ನಿಂತ ಮೇಲೆ ಅದೇ ಲೋಟಕ್ಕೆ ಹೊಸ ಪೆರಾಕ್ಸೈಡ್ ಸುರಿದರೆ ಮತ್ತೆ ಶುರು. ಆಲೂಗಡ್ಡೆ ಹೀಗೆ ಮಾಡಿದಾಗ ಸುಸ್ತಾಗುತ್ತದೆ, ಪೆರಾಕ್ಸೈಡ್ ಜಾಸ್ತಿಯಾದರೆ ಅದರ ಕಿಣ್ವವೇ ಹಾಳಾಗುತ್ತದೆ. ಕ್ಯಾಟಲಿಸ್ಟ್ ಖರ್ಚಾಗುವುದಿಲ್ಲ ಎನ್ನುವ ಮಾತು ಕರಿಪುಡಿಯಲ್ಲಿ ಕೈಗೇ ಸಿಗುತ್ತದೆ.

ಒಂದೇ ಲೋಟದಲ್ಲಿ ತೋರಿಸಬೇಕಾದರೆ ಕರಿಪುಡಿ, ಎರಡು ಲೋಟ ಇದ್ದರೆ ಹಸಿ ಆಲೂಗಡ್ಡೆ, ಬೆಂದ ಆಲೂಗಡ್ಡೆ. ಯೀಸ್ಟ್ ಬೇಕಾದರೆ ವಾರ್ಷಿಕೋತ್ಸವಕ್ಕೆ ಇಟ್ಟುಕೊಳ್ಳಿ. ಪುಡಿಯನ್ನು ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿ ಒಣಗಿಸಿದರೆ ಮುಂದಿನ ಬ್ಯಾಚಿಗೂ ಆಗುತ್ತದೆ, ಆದರೆ ಆ ಬಟ್ಟೆ ಮತ್ತೆ ಅಡುಗೆಮನೆಗೆ ಹೋಗಬಾರದು. ಬಳಸಿದ ಪೆರಾಕ್ಸೈಡನ್ನು ವಾಪಸ್ ಬಾಟಲಿಗೆ ಸುರಿಯಬೇಡಿ. ಒಂದು ಕಣ ಕರಿಪುಡಿ ಒಳಗೆ ಹೋಗಿ ಮುಚ್ಚಳ ಬಿಗಿಯಾಗಿದ್ದರೆ, ಗ್ಯಾಸು ತುಂಬಿ ಬಾಟಲಿ ಒಡೆಯಬಹುದು.