ವರ್ಲ್ಡ್ ವ್ಯಾಲ್ಯೂಸ್ ಸರ್ವೆ: ನಂಬಿಕೆ, ಸಿರಿತನ ಹೋಲಿಸುವವರಿಗೆ

ದೇಶ ಸಿರಿವಂತವಾದಷ್ಟೂ ದೇವರ ಹಿಡಿತ ಸಡಿಲವಾಗುತ್ತದೆಯೇ? ಅಳೆಯಲು, ಹಲವು ದೇಶಗಳ ಜನರ ನಂಬಿಕೆ, ಮೌಲ್ಯಗಳನ್ನು ಕೇಳಿ ದಾಖಲಿಸುವ ಈ ಉಚಿತ ದತ್ತಾಂಶ ಸೇವೆ ಒಳ್ಳೆಯ ಆಯ್ಕೆ. 1981ರಿಂದ ಸಮೀಕ್ಷೆಗಳಿವೆ, ಶುರುವಿಗೆ 7ನೇ ಸುತ್ತು ಸಾಕು. ಹೆಸರು, ಉದ್ದೇಶ ತುಂಬಿದರೆ ಫೈಲ್ ಇಳಿಯುತ್ತದೆ.

ಕ್ಯೂ164 (164ನೇ ಪ್ರಶ್ನೆ) ದೇವರ ಮಹತ್ವವನ್ನು 1ರಿಂದ 10ರ ಅಳತೆಯಲ್ಲಿ ಕೇಳುತ್ತದೆ; 10 ಎಂದರೆ ಬಹಳ ಮುಖ್ಯ. ಎಡವುವುದು ಕ್ಯೂ6ರಲ್ಲಿ: ಧರ್ಮ 'ಬಹಳ ಮುಖ್ಯ' ಎಂದರೆ 1, 'ಏನೇನೂ ಅಲ್ಲ' ಎಂದರೆ 4. ಈ ಅಂಕಗಳನ್ನು ತಿರುಗಿಸದಿದ್ದರೆ ಗ್ರಾಫೇ ತಲೆಕೆಳಗು! ಋಣ ಸಂಖ್ಯೆಗಳು ಉತ್ತರ ಸಿಗದ್ದರ ಗುರುತು. ಸರಾಸರಿಗೆ ಮುನ್ನ ಕಿತ್ತುಹಾಕಿ. ಮಾದರಿ ಇಡೀ ಜನಸಂಖ್ಯೆಗೆ ಹೊಂದುವಂತೆ ಸರಿದೂಗಿಸುವ ತೂಕದ (ವೇಟ್) ಕಾಲಂ ಬಳಸಿ.

ವಿಶ್ವಬ್ಯಾಂಕಿನ ಪಿಪಿಪಿ (ದೇಶಗಳ ಬೆಲೆ ವ್ಯತ್ಯಾಸ ಸರಿದೂಗಿಸಿದ) ಲೆಕ್ಕದ ತಲಾ ಜಿಡಿಪಿಯನ್ನು ಲಾಗ್ (ಲಾಗರಿತಮ್) ಮಾಡಿ ದೇವರ ಮಹತ್ವದ ಸರಾಸರಿಯೊಂದಿಗೆ ಜೋಡಿಸಿದರೆ ಇಳಿಜಾರು ಗೆರೆ ಕಾಣುತ್ತದೆ. ಅಮೆರಿಕ ಗೆರೆಗಿಂತ ಮೇಲೆ, ಚೀನಾ ಕೆಳಗೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಮಾತ್ರ ಇದು ಹೇಳದು. ಪ್ರತಿ ಸುತ್ತಿನಲ್ಲೂ ಬೇರೆ ಜನರನ್ನೇ ಕೇಳಿದ್ದಾರೆ, ಹಾಗಾಗಿ ಒಬ್ಬರ ನಂಬಿಕೆ ಹೇಗೆ ಬದಲಾಯಿತೆಂದೂ ತಿಳಿಯದು.