ಹಳೆ ಕಂಪ್ಯೂಟರಿನಿಂದ ಹೊಸದಕ್ಕೆ: ಕ್ಲೌಡೋ, ಹಾರ್ಡ್ ಡಿಸ್ಕೋ, ಕೇಬಲ್ಲೋ?

ಮಡಿಕೇರಿಯ ಮಳೆಗಾಲದಲ್ಲಿ ಫೈಲ್ ಸಾಗಿಸಲು ಕ್ಲೌಡ್, ಅಂದರೆ ಇಂಟರ್ನೆಟ್ ಮೇಲಿನ ಸಂಗ್ರಹ, ನಂಬಿ ಕೂತರೆ ಕಷ್ಟ. ಮನೆಯ ಫೋಟೋ, ಕಾಫಿ ತೋಟದ ಲೆಕ್ಕ ಎಲ್ಲ ಸೇರಿ 100 ಜಿಬಿ ಇದೆ ಅಂದುಕೊಳ್ಳಿ. 10 ಎಂಬಿಪಿಎಸ್ ವೇಗದಲ್ಲಿ ಅಪ್‌ಲೋಡ್‌ಗೇ ಸುಮಾರು 22 ಗಂಟೆ ಬೇಕು. ಅಷ್ಟು ಹೊತ್ತು ಕರೆಂಟ್ ಇರುತ್ತಾ?

ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಆದರೆ ಒಂದು ಮಧ್ಯಾಹ್ನದ ಕೆಲಸ. ನನ್ನ ಓಟು ಇದಕ್ಕೇ, ಬ್ಯಾಕಪ್ಪೂ ಉಳಿಯುತ್ತೆ. ಡಿಸ್ಕ್ ಎಫ್‌ಎಟಿ32 ಎಂಬ ಹಳೆ ಫಾರ್ಮ್ಯಾಟ್‌ನಲ್ಲಿದ್ದರೆ ಮಾತ್ರ 4 ಜಿಬಿಗಿಂತ ದೊಡ್ಡ ಮದುವೆ ವಿಡಿಯೋ ಅದರಲ್ಲಿ ಕೂರೋದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಡಿಸ್ಕ್ ಖಾಲಿ ಇದ್ದಾಗಲೇ, ಇಲ್ಲದಿದ್ದರೆ ಇದ್ದದ್ದೆಲ್ಲ ಅಳಿಸಿಹೋಗುತ್ತೆ.

ಎರಡು ಕಂಪ್ಯೂಟರ್ ಜೋಡಿಸುವ ಲ್ಯಾನ್ ಕೇಬಲ್ಲೂ ವೇಗವೇ, ಆದರೆ ಶೇರಿಂಗ್ ಸೆಟ್ಟಿಂಗ್ ತಲೆನೋವು.

ಪ್ರೋಗ್ರಾಂಗಳ ಕಥೆಯೇ ಬೇರೆ. ವಿಂಡೋಸ್‌ನಲ್ಲಿ ಫೋಲ್ಡರ್ ಸುಮ್ನೆ ಕಾಪಿ ಮಾಡಿದರೆ ಹೆಚ್ಚಿನವು ಓಡೋದಿಲ್ಲ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ಸೆಟ್ಟಿಂಗ್‌ಗಳ ದಾಖಲೆಯಲ್ಲಿ) ಬರೆದದ್ದು ಹಳೆಯದರಲ್ಲೇ ಉಳಿಯುತ್ತೆ. ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. ಲೆಕ್ಕ ಬರೆಯುವ ಟ್ಯಾಲಿ ಇದ್ದರೆ ಮೊದಲು ಹಳೆ ಕಂಪ್ಯೂಟರಿನಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ (ಬಿಟ್ಟುಕೊಡಿ), ಹೊಸದರಲ್ಲಿ ಬಳಸೋಕೆ.