ಮಸ್ಸರ್ ಎಂ55 ವೈಬ್ರಫೋನ್: ಧಾರವಾಡದಲ್ಲಿ ಸೋಲೋ ಜಾಝ್ ಕಲಿಯುವವರಿಗೆ ಹೊಂದುತ್ತದೆಯೇ?

ವೈಬ್ರಫೋನ್ ಎಂದರೆ ಲೋಹದ ಪಟ್ಟಿಗಳನ್ನು ಮ್ಯಾಲೆಟ್ ಎಂಬ ಗುಂಡುತಲೆಯ ಕೋಲಿನಿಂದ ಬಾರಿಸುವ ವಾದ್ಯ; ಪಟ್ಟಿಗಳ ಕೆಳಗೆ ನಾದ ತುಂಬುವ ಕೊಳವೆಗಳಿರುತ್ತವೆ. ಎಂ55ರಲ್ಲಿ ಮೂರು ಸಪ್ತಕ, 37 ಅಲ್ಯುಮಿನಿಯಂ ಪಟ್ಟಿ, ಎಫ್3ರಿಂದ ಎಫ್6 (ಅಕ್ಷರ ಸ್ವರದ್ದು, ಅಂಕಿ ಸಪ್ತಕದ್ದು). ನಮ್ಮ ಹಾರ್ಮೋನಿಯಂ ಮಾತಿನಲ್ಲಿ ಬಿಳಿ ನಾಲ್ಕರಿಂದ ಶುರು. ಮಂದ್ರದ ಪಟ್ಟಿಗಳು ಅಗಲ, ತಾರಕ್ಕೆ ಹೋದಂತೆ ಕಿರಿದು. ನಾದ ತುಂಬಿಕೊಂಡಿದೆ, ಸೋಲೋ ಕಲಿಯುವವರಿಗೆ ಧಾರಾಳವಾಗಿ ಸಾಕು. ಆದರೆ ಜೊತೆಗೆ ಪಿಯಾನೊ, ಬಾಸ್ ಇಲ್ಲದಾಗ ರಾಗವನ್ನೂ ಕಾರ್ಡನ್ನೂ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಒಬ್ಬರೇ ನಡೆಸಬೇಕು; ಯಾವ ಸ್ವರ ಉಳಿಯಬೇಕು, ಯಾವುದು ನಿಲ್ಲಬೇಕು ಎಂಬುದೇ ಅಲ್ಲಿನ ಕಸುಬು. ಹಾಗಾಗಿ ಪೆಟ್ಟಿಗೆ ಬಿಚ್ಚಿ ಜೋಡಿಸಿದ ಮೇಲೆ ಮೊದಲು ಪೆಡಲನ್ನೇ ಪರೀಕ್ಷಿಸಿ. ಅದನ್ನು ಒತ್ತಿದರೆ ಫೆಲ್ಟ್ ಹೊದಿಸಿದ ಡ್ಯಾಂಪರ್ ಪಟ್ಟಿ ಸರಿದು ಸ್ವರ ಉಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಪೆಡಲ್ ಒತ್ತದೆ 37 ಪಟ್ಟಿಗಳನ್ನೂ ಒಂದೊಂದಾಗಿ ಬಾರಿಸಿ. ಎಲ್ಲವೂ ತಟ್ಟನೆ ಸಾಯಬೇಕು. ಒಂದು ತುದಿಯವು ಮಾತ್ರ ಗುಂಯ್ ಎಂದರೆ ಡ್ಯಾಂಪರ್ ಪಟ್ಟಿ ಓರೆಯಾಗಿದೆ, ಅದನ್ನು ಸಮಮಟ್ಟಕ್ಕೆ ತನ್ನಿ. ನಂತರ ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತ ಬಾರಿಸಿ: ಬಿಳಿ, ಕರಿ ಎರಡೂ ಸಾಲು ಒಂದೇ ಹಂತದಲ್ಲಿ ಮೊಳಗತೊಡಗಬೇಕು. ಇಲ್ಲದಿದ್ದರೆ ಅರ್ಧ ಪೆಡಲ್ (ಸ್ವರ ತುಸುವೇ ಉಳಿಯುವಂತೆ ಅರೆ ಒತ್ತುವುದು) ಎಂದಿಗೂ ಕೈಗೆ, ಅಂದರೆ ಕಾಲಿಗೆ, ಸಿಗುವುದಿಲ್ಲ. ಸ್ಪ್ರಿಂಗ್ ತೀರ ಬಿಗಿಯಾಗಿದ್ದರೆ ಮೀನಖಂಡ ಸೋಲುತ್ತದೆ, ಸಡಿಲವಾಗಿದ್ದರೆ ಫೆಲ್ಟ್ ಸರಿಯಾಗಿ ಒತ್ತುವುದಿಲ್ಲ.

ಈಗ ಎಡಗೈಯ ಎರಡು ಮ್ಯಾಲೆಟ್‌ಗಳಿಂದ, ಪೆಡಲ್ ಪೂರ್ತಿ ಒತ್ತಿಯೇ ಇಟ್ಟು, ಮೂರು ಕಾರ್ಡ್ ನುಡಿಸಿ ನೋಡಿ. ಡಿ ಮೈನರ್ 7ಕ್ಕೆ ಸಿ4–ಎಫ್4, ಜಿ7ಕ್ಕೆ ಬಿ3–ಎಫ್4, ಸಿ ಮೇಜರ್ 7ಕ್ಕೆ ಬಿ3–ಇ4. ಇ3 ಈ ವಾದ್ಯದಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಮೇಲಿನ ಇ4 ಅನ್ನೇ ಬಾರಿಸಬೇಕು. ಪ್ರತಿ ಸಲ ಬದಲಾಗುವುದು ಒಂದೇ ಸ್ವರ. 1ನೇ (ಎಡತುದಿಯ) ಮ್ಯಾಲೆಟ್ ಬಿ ಬಾರಿಸುವ ಕ್ಷಣದಲ್ಲೇ 2ನೆಯದು ಸಿ ಪಟ್ಟಿಯನ್ನು ಒತ್ತಿ ಅಡಗಿಸಬೇಕು, ಹಿಂದಿನ ಕಾರ್ಡಿನ ಎಫ್ ಮಾತ್ರ ಮೊಳಗುತ್ತಿರಬೇಕು. ಮುಂದೆ ಇ ಬಾರಿಸಿದ 2ನೆಯದೇ ಸರಿದು ಎಫ್ ಒತ್ತುತ್ತದೆ. ಒತ್ತುವಾಗ ಟಕ್ ಎಂದರೆ ಮ್ಯಾಲೆಟ್ ಇಳಿಯುವ ಬದಲು ಬೀಳುತ್ತಿದೆ. ಬೇಗ ಎತ್ತಿದರೆ ಸ್ವರ ಮತ್ತೆ ಎದ್ದು ಬರುತ್ತದೆ. ಇದು ಹತೋಟಿಗೆ ಬರುವವರೆಗೆ ಬಲಗೈಯ ರಾಗವನ್ನು ಸೇರಿಸಬೇಡಿ. ನಾಲ್ಕು ಮ್ಯಾಲೆಟ್‌ಗಳ ಹಿಡಿತಕ್ಕೆ ಜಾಝ್ ವೈಬ್ರಫೋನ್ ವಾದಕ ಗ್ಯಾರಿ ಬರ್ಟನ್ ಹೆಸರಿನ ಪದ್ಧತಿಯೇ ಜಾಝ್‌ಗೆ ಒಗ್ಗುತ್ತದೆ.

ಧಾರವಾಡದಲ್ಲಿ ಬರುವ ನಿಜವಾದ ತೊಡಕು ಶ್ರುತಿಯದು. ಪಟ್ಟಿಗಳು ಎ-442ಕ್ಕೆ, ಅಂದರೆ ಎ ಸ್ವರ ಸೆಕೆಂಡಿಗೆ 442 ಕಂಪನ ಇರುವಂತೆ, ಇವೆ. ಎ-440ರ ಹಾರ್ಮೋನಿಯಂ ಜೊತೆ ಆ ಎ ಸ್ವರ ಹಿಡಿದರೆ ಸೆಕೆಂಡಿಗೆ ಎರಡು ಅಲೆ ಸ್ಪಷ್ಟವಾಗಿ ಕೇಳುತ್ತವೆ. ತಂಬೂರಿ ಕೇಳಿ ಪಳಗಿದ ಕಿವಿಗೆ ಇದು ಸಹಿಸಲಾಗದ್ದು. ಇಳಿಸಲೆಂದು ಪಟ್ಟಿಗೆ ಅರ ಹಾಕಿಸಬೇಡಿ: ಕೆಳಗಿನ ಕಮಾನಿನ ನಡುವೆ ಉಜ್ಜಿದರೆ ಸ್ವರ ಇಳಿಯುವುದೇನೋ ನಿಜ, ಆದರೆ ಎರಡು ಸಪ್ತಕ ಮೇಲೆ ಹೊಂದಿಸಿಟ್ಟ ಉಪಸ್ವರವೂ ಕೆಡುತ್ತದೆ. ಅದರ ಬದಲು ಹಾರ್ಮೋನಿಯಂ ರೀಡಿನ ತುದಿಯನ್ನು ಅನುಭವಿ ರಿಪೇರಿಯವರಿಂದ ತುಸು ಕೆರೆಸಿ 442ಕ್ಕೆ ಏರಿಸಿಕೊಳ್ಳುವುದು ಸುಲಭ. ಎಲೆಕ್ಟ್ರಾನಿಕ್ ತಂಬೂರಿಯಾದರೆ ಗುಂಡಿ ತಿರುಗಿಸಿದರೆ ಸಾಕು.

ಮಳೆಗಾಲದಲ್ಲಿ ಬೆತ್ತದ ಮ್ಯಾಲೆಟ್ ಬಾಗುತ್ತವೆ. ಕೈಯಿಂದ ನಿಧಾನವಾಗಿ ನೆಟ್ಟಗೆ ಮಾಡಬಹುದು. ಹುಬ್ಬಳ್ಳಿಯ ಧೂಳಿಗೆ ಒಣ ಮೆತ್ತನೆಯ ಬಟ್ಟೆ ಮಾತ್ರ, ಹಿತ್ತಾಳೆ ಉಜ್ಜುವ ಪಾಲಿಶ್ ಪಟ್ಟಿಯ ಬಣ್ಣದ ಪದರವನ್ನೇ ತಿನ್ನುತ್ತದೆ. ಝರ್ ಸದ್ದು ಬಂದರೆ ಪಟ್ಟಿ ಪೋಣಿಸಿದ ದಾರ ಸಡಿಲವಾಗಿದೆಯೇ, ಪಟ್ಟಿ ಆ ದಾರ ಹಿಡಿದ ಕಂಬಕ್ಕೆ ತಾಗುತ್ತಿದೆಯೇ ನೋಡಿ.

ಕೊಳವೆಯೊಳಗಿನ ಬಿಲ್ಲೆಗಳನ್ನು ತಿರುಗಿಸಿ ನಾದಕ್ಕೆ ಕಂಪನ ಕೊಡುವ ಮೋಟರ್ ಕಲಿಯುವಾಗ ಬೇಡ. ಜಾಝ್ ವೈಬ್ರಫೋನ್ ವಾದಕ ಮಿಲ್ಟ್ ಜಾಕ್ಸನ್ ಅವರ ನಿಧಾನದ ಕಂಪನ ಮೋಹಕ, ಆದರೆ ಅದು ಡ್ಯಾಂಪಿಂಗ್‌ನ ತಪ್ಪನ್ನೂ ಮುಚ್ಚಿಹಾಕುತ್ತದೆ. ಮೋಟರ್ ನಿಲ್ಲಿಸಿದಾಗ ಆ ಬಿಲ್ಲೆಗಳು ನೆಟ್ಟಗೆ ನಿಲ್ಲಬೇಕು; ಅಡ್ಡ ನಿಂತರೆ ಕೊಳವೆಯ ಬಾಯಿ ಮುಚ್ಚಿ ನಾದ ಕುಗ್ಗುತ್ತದೆ. ಅಮೆರಿಕದಿಂದ ಬಂದ ಹಳೆಯ ವಾದ್ಯ ಕೊಳ್ಳುವುದಾದರೆ ಮೋಟರಿನ ಮೇಲಿನ ವೋಲ್ಟೇಜ್ ಓದಿ. 120 ಎಂದಿದ್ದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ರ ಪ್ಲಗ್ಗಿಗೆ ಹಾಕಬೇಡಿ.